ಡಾರ್ವಿನ್ನನ ಕಾಗದಗಳಲ್ಲಿ ನಮ್ಮ ಕಬೂತರ್‌ಗಳು

ಚಾರ್ಲ್ಸ್ ಡಾರ್ವಿನ್ನನ ಪತ್ರಗಳು 1985ರಿಂದ 2023ರವರೆಗೆ ಮೂವತ್ತು ಸಂಪುಟಗಳಲ್ಲಿ ಕೇಂಬ್ರಿಜ್‌ನಿಂದ ಹೊರಬಂದವು. ಕಥೆ ಬರೆಯುವ ನನಗೆ ಹಿಡಿಸಿದ್ದು 1855ರ ನಂತರದ ಎರಡು ಮೂರು ವರ್ಷಗಳ ಕಾಗದಗಳು. ಇಲ್ಲಿ ಆತ ಬೋಧಿಸುವುದಕ್ಕಿಂತ ಕೇಳುವುದೇ ಹೆಚ್ಚು. ಬೀಜಗಳು ಕಡಲು ದಾಟಬಲ್ಲವೇ ಎಂದು ಉಪ್ಪುನೀರಲ್ಲಿ ನೆನೆಹಾಕುತ್ತಾನೆ. ಗೆಳೆಯ ಹೂಕರ್‌ನನ್ನು ಅಪ್ಪ ಸೋಲಿಸುತ್ತಾನೋ ಇಲ್ಲವೋ ಎಂದು ಮನೆಯ ಮಕ್ಕಳಿಗೆ ಕುತೂಹಲವಂತೆ! ಕಡೆಗೆ 87 ಬಗೆಯಲ್ಲಿ 64 ಬಗೆ, 28 ದಿನ ನೆನೆದ ಮೇಲೂ ಮೊಳೆತವು. ಕೊಳದಂಚಿನ ಮೂರು ಚಮಚ ಕೆಸರಿನಿಂದ 537 ಸಸಿ ಎದ್ದವು. ಚನ್ನಗಿರಿಯ ಸೂಳೆಕೆರೆಯಲ್ಲಿ ಕೆಸರು ತುಳಿಯುವ ಹಕ್ಕಿಗಳನ್ನು ಕಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

1856ರ ಜನವರಿಯಲ್ಲಿ ಮದ್ರಾಸಿನ ವಾಲ್ಟರ್ ಎಲಿಯಟ್‌ಗೆ ಬರೆದ ಕಾಗದಕ್ಕೆ ನಮ್ಮ ನಂಟಿದೆ. ಸಾಕುಪಾರಿವಾಳ, ಕೋಳಿಗಳ ಚರ್ಮ ಕಳಿಸಿ ಎಂಬ ವಿನಯದ ಬೇಡಿಕೆ ಅದು. 1824ರಲ್ಲಿ ಕಿತ್ತೂರಿನವರ ಕೈಗೆ ಸೆರೆಸಿಕ್ಕಿದ್ದ ಎಲಿಯಟ್ ಇವನೇ. ಚರ್ಮಗಳಲ್ಲದೆ, ಪಾರಿವಾಳಗಳ ಮೇಲಿನ ಪಾರ್ಸಿ ಗ್ರಂಥವೊಂದರ ಅನುವಾದವನ್ನೂ ಅವನು ಒದಗಿಸಿದ. 1868ರ ತನ್ನ ಪುಸ್ತಕದಲ್ಲಿ ಡಾರ್ವಿನ್ ಅದನ್ನು ಉಪಕಾರಸ್ಮರಣೆಯೊಂದಿಗೆ ಬಳಸುತ್ತಾನೆ. ಗ್ರಂಥಕರ್ತನ ಹೆಸರಿನ 'ಸೈಯದ್' ಅಲ್ಲಿ 'ಸೈಝಿದ್' ಆಗಿದೆ, ಇರಲಿ. ನೆಲಕ್ಕೆ ಬಿಟ್ಟರೆ ಲಾಗ ಹಾಕುತ್ತಲೇ ಇರುವ ಲೋಟನ್ ಅಬುಲ್ ಫಜಲ್‌ನ ಐನೆ ಅಕ್ಬರಿಯಲ್ಲೂ ಇದೆ. ಸಾಕುವವರ ಆಯ್ಕೆ ತಲೆಮಾರುಗಟ್ಟಲೆ ನಡೆದರೆ ಏನಾಗುತ್ತದೆ ಎಂಬುದಕ್ಕೆ ಡಾರ್ವಿನ್ನನಿಗೆ ಇಂಥದೇ ಸಾಕ್ಷಿ ಬೇಕಿತ್ತು. ಅಕ್ಬರ್ ಕಬೂತರ್‌ಬಾಝಿಯನ್ನು ಇಶ್ಕ್‌ಬಾಝಿ ಎಂದು ಕರೆದಿದ್ದ. ಈ ಶೌಕು ವಿಜ್ಞಾನಕ್ಕೆ ಸಾಕ್ಷಿ ನುಡಿದೀತೆಂದು ಯಾರು ಎಣಿಸಿದ್ದರು?

ನನ್ನ ತಕರಾರು ಬೇರೆ. ಲಂಡನ್ನಿನ ಪಾರಿವಾಳ ಸಾಕುವವರನ್ನು ಡಾರ್ವಿನ್ ಹೆಸರಿಟ್ಟು ನೆನೆಯುತ್ತಾನೆ. ಮದ್ರಾಸಿನಲ್ಲಿ ಆ ಹಕ್ಕಿಗಳಿಗೆ ಕಾಳು ಹಾಕಿದವರು ಯಾರು? ಗ್ರಂಥ ಬರೆದಿಟ್ಟ ಸೈಯದ್ ಸಾಹೇಬರ ಹೆಸರು ಸೊಟ್ಟಗಾದರೂ ಉಳಿಯಿತು, ಕೈಯಲ್ಲೇ ವಿದ್ಯೆಯಿದ್ದವರದು ಉಳಿಯಲಿಲ್ಲ. ಎಲಿಯಟ್ 1839ರಲ್ಲಿ ಪ್ರಕಟಿಸಿದ, ಧಾರವಾಡ ಸೀಮೆಯ ಪ್ರಾಣಿಗಳ ಪಟ್ಟಿಯ ಕಥೆಯೂ ಇದೇ. 1826ರಲ್ಲಿ ಮಳೆ ಕೈಕೊಟ್ಟಾಗ ಇಲಿಗಳು ಹೊಲಹೊಲದ ಜೋಳದ ತೆನೆ ಕತ್ತರಿಸಿದ್ದನ್ನು ಅವನು ಕಣ್ಣಾರೆ ಕಂಡು ಬರೆದಿದ್ದಾನೆ. ಜಗಳೂರಿನ ರೈತ ಓದಿದರೆ ತನ್ನ ಹೊಲದ್ದೇ ಎಂದಾನು. ಕಾಳಿನ ಕೂಲಿಗೆ ಸಾವಿರಗಟ್ಟಲೆ ಇಲಿ ಹಿಡಿದ ಒಡ್ಡರು ಅಲ್ಲಿ ಬರೀ ಜಾತಿಯಾಗಿದ್ದಾರೆ. ಕನ್ನಡಿಗರ 'ಗುಲಂದಿ' ಇಲಿ ಮಾತ್ರ 'ಗೋಲುಂಡ' ಎಂದು ಲ್ಯಾಟಿನ್ ಹೆಸರಾಗಿ ಕೂತಿದೆ.

ಯಾರಾದರೂ ಈ ಪತ್ರಗಳನ್ನು ಆಯ್ದು ಕನ್ನಡಕ್ಕೆ ತರುವುದಾದರೆ ಆ ಧಾರವಾಡದ ಪಟ್ಟಿಯನ್ನೂ ಜೊತೆಗೇ ಅಚ್ಚುಹಾಕಲಿ.