ಮಾಲ್ಗುಡಿಯ ರೈಲುಹಾದಿ ಮತ್ತು ಮಣ್ಣು ಹೊತ್ತವರು

ಆರ್.ಕೆ. ನಾರಾಯಣ್ ಅವರ ಮಾಲ್ಗುಡಿಯನ್ನು ಭೂಪಟದಲ್ಲಿ ಹುಡುಕುವ ಚಟ ನಮ್ಮ ವಿಮರ್ಶೆಯನ್ನು ಇನ್ನೂ ಬಿಟ್ಟಿಲ್ಲ. ಅದು ಮೈಸೂರೋ, ನಂಜನಗೂಡೋ, ತಮಿಳುನಾಡಿನ ಲಾಲ್ಗುಡಿಯೋ ಎಂಬ ಚರ್ಚೆಯಿಂದ ಕೃತಿಗಳ ಮೇಲೆ ಬಿದ್ದ ಬೆಳಕು ಅತ್ಯಲ್ಪ. ಈ ಊರನ್ನು ಕಟ್ಟಿದವರು ಯಾರು ಎಂದು ಕೇಳುವುದು ಹೆಚ್ಚು ಫಲಪ್ರದ.

ಲೇಖಕರೇ ಇದಕ್ಕೆ ಒಂದು ಉತ್ತರ ಕೊಟ್ಟಿದ್ದಾರೆ. 1930ರಲ್ಲಿ ಬೆಂಗಳೂರಿನಲ್ಲಿ, ಅಜ್ಜಿ ನೋಡಿಕೊಟ್ಟ ಶುಭದಿನದಂದು ಬರೆಯಲು ಕುಳಿತಾಗ, ಮೊದಲು ಕಣ್ಣಿಗೆ ಕಟ್ಟಿದ್ದು ಒಂದು ಪುಟ್ಟ ರೈಲು ನಿಲ್ದಾಣವೆಂದು ‘ಮೈ ಡೇಸ್’ (1974) ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನಿಲ್ದಾಣ ಮೊದಲು, ಊರು ಅನಂತರ. ಅದೂ ಸಿದ್ಧರೂಪದಲ್ಲಿ ಒದಗಿದ ನಿಲ್ದಾಣ. ಹಳಿ ಹಾಸಿದವರ ಬೆವರು ಅಲ್ಲಿಲ್ಲ. ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಕಾದಂಬರಿಯ ಕೊನೆಯಲ್ಲಿ ರಾಜಂನನ್ನು ಕರೆದೊಯ್ಯುವ ರೈಲು, ‘ದ ಇಂಗ್ಲಿಷ್ ಟೀಚರ್’ (1945)ನಲ್ಲಿ ಹೆಂಡತಿ ಮಗುವಿಗಾಗಿ ಕೃಷ್ಣನು ಕಾಯುವ ಪ್ಲಾಟ್‌ಫಾರಂ, ಎರಡೂ ಅನಾದಿಯಿಂದ ಇದ್ದಂತೆಯೇ ಇವೆ.

ಮೊದಲ ಕಾದಂಬರಿ ಬಂದು 23 ವರ್ಷಗಳಾದ ಮೇಲೆ, ‘ದ ಗೈಡ್’ (1958) ಕಾದಂಬರಿಯಲ್ಲಿ, ನಾರಾಯಣ್ ಆ ನಿಲ್ದಾಣವನ್ನು ಮತ್ತೆ ಮೊದಲಿನಿಂದ ಕಟ್ಟಿಸುತ್ತಾರೆ. ಇದು ನನ್ನ ದೃಷ್ಟಿಯಲ್ಲಿ ಮಾಲ್ಗುಡಿಯ ಎರಡನೆಯ ಸ್ಥಾಪನೆ. ರಾಜುವಿನ ತಂದೆಯದು ಗಾಡಿ ಹೊಡೆಯುವವರನ್ನು ನಂಬಿದ ಚಿಕ್ಕ ಗುಡಿಸಲಂಗಡಿ. ಅದರ ಎದುರಿಗೇ ಮಣ್ಣಿನ ದಿಬ್ಬ ಏಳುತ್ತದೆ, ಕೆಲಸಗಾರರು ಬರುತ್ತಾರೆ, ಹುಡುಗ ಆ ಮಣ್ಣಿನಲ್ಲಿ ಆಡುತ್ತಾನೆ. ಅವರಿಂದ ಒಂದು ಬೈಗುಳ ಕಲಿತು ಓರಗೆಯವನ ಮೇಲೆ ಪ್ರಯೋಗಿಸುತ್ತಾನೆ. ತಂದೆ ಗಾಬರಿಗೊಂಡು ಅವನನ್ನು ಜಗಲಿಶಾಲೆಗೆ ಅಟ್ಟುತ್ತಾನೆ. ಮುಂದೆ ನಿಲ್ದಾಣ ಸಿದ್ಧವಾಗುತ್ತದೆ, ಮೊದಲ ರೈಲು ಬಂದ ದಿನ ಸಂಭ್ರಮ ನಡೆಯುತ್ತದೆ, ತಂದೆಗೆ ಪ್ಲಾಟ್‌ಫಾರಮಿನ ಮೇಲೆ ಅಂಗಡಿ ದೊರೆಯುತ್ತದೆ, ಮಗ ‘ರೈಲ್ವೆ ರಾಜು’ ಆಗುತ್ತಾನೆ. ಕಾದಂಬರಿಯ ಉಳಿದ ಅನರ್ಥವೆಲ್ಲ, ರೋಸಿ ಮತ್ತು ಮಾರ್ಕೊ ಬಂದಿಳಿಯುವುದೂ ಸೇರಿ, ಈ ಹಳಿಯ ಮೇಲೆಯೇ ಸಾಗಿ ಬರುತ್ತದೆ.

ದಿಬ್ಬ ಹಾಕಿದವರು ಮಾತ್ರ ಎಲ್ಲಿಯೂ ಮತ್ತೆ ಕಾಣಿಸುವುದಿಲ್ಲ. ಅವರಿಗೆ ಹೆಸರಿಲ್ಲ, ಮುಖವಿಲ್ಲ. ಊರಿಗೆ ಅವರು ಬಿಟ್ಟುಹೋದದ್ದು ಒಂದು ಏರಿ, ಒಂದು ಬೈಗುಳ. ಬೈಗುಳಕ್ಕೆ ಸಿಕ್ಕಷ್ಟು ಗಮನವೂ ಏರಿಗೆ ಸಿಕ್ಕಿಲ್ಲ!

ಇದನ್ನು ಜಾತಿಕುರುಡೆಂದು ಕರೆದು ಮುಗಿಸಿಬಿಡುವುದು ಸುಲಭ. ಆದರೆ ಚರಿತ್ರೆ ಅಷ್ಟು ಸರಳವಾಗಿಲ್ಲ. ದಕ್ಷಿಣ ಭಾರತದ ರೈಲುಹಾದಿಗಳ ಮಣ್ಣಿನ ಕೆಲಸದ ಬಹುಭಾಗವನ್ನು ಮಾಡಿದವರಲ್ಲಿ ಒಡ್ಡರು ಪ್ರಮುಖರು. ಅವರಲ್ಲಿನ ಮಣ್ಣುಒಡ್ಡ, ಕಲ್ಲುಒಡ್ಡ ಎಂಬ ಭೇದವನ್ನು ಥರ್ಸ್ಟನ್ 1909ರಲ್ಲಿಯೇ ದಾಖಲಿಸಿದ್ದಾನೆ. ಇವರು ಸಂಸಾರಸಮೇತ ಗುಂಪುಗಳಾಗಿ ಕೆಲಸದಿಂದ ಕೆಲಸಕ್ಕೆ ಅಲೆಯುತ್ತಿದ್ದರೆಂಬುದನ್ನು ಇಯಾನ್ ಕೆರ್ ಅವರು ರೈಲು ನಿರ್ಮಾಣವನ್ನು ಕುರಿತ ತಮ್ಮ 1995ರ ಗ್ರಂಥದಲ್ಲಿ ವಿವರಿಸುತ್ತಾರೆ. ಹಾದಿ ಮುಗಿದೊಡನೆ ಅದನ್ನು ಕಟ್ಟಿದವರು ಮುಂದಿನ ಹಾದಿಗೆ ನಡೆದಿರುತ್ತಾರೆ. ಉಳಿಯುವವರು ಸ್ಟೇಷನ್ ಮಾಸ್ತರ, ಅಂಗಡಿಕಾರ, ಜಟಕಾದವನು. ಆದ್ದರಿಂದ ಕಾದಂಬರಿಯಲ್ಲಿ ಅವರು ಕಣ್ಮರೆಯಾಗುವುದು ನಡೆದ ಸಂಗತಿಗೆ ವಿರುದ್ಧವಾಗಿಲ್ಲ. ಉಳಿದವನ ಮಗ ಕಥೆ ಹೇಳುತ್ತಿದ್ದಾನೆ. ಅಂಗಡಿಯ ಕಟ್ಟೆಯಿಂದ ಎಷ್ಟು ಕಾಣುವುದೋ ಅಷ್ಟನ್ನೇ ಹೇಳುತ್ತಾನೆ. ನಾರಾಯಣ್ ಅವರ ಪ್ರಾಮಾಣಿಕತೆ ಇಲ್ಲಿದೆ, ಮಿತಿಯೂ ಇಲ್ಲಿಯೇ. ರಾಜುವಿನ ಬೇರೆಲ್ಲ ಸ್ವಾರ್ಥಗಳನ್ನು ನಸುನಗುತ್ತ ಬಯಲಿಗೆಳೆಯುವ ವ್ಯಂಗ್ಯ ಈ ಒಂದು ಮರೆವಿನ ಬಳಿಗೆ ಬಂದಾಗ ಸುಮ್ಮನಾಗುತ್ತದೆ.

ಕಾದಂಬರಿಯ ಕೊನೆಯಲ್ಲಿ ರೈಲು ಮತ್ತೊಂದು ಊರನ್ನು ಕಟ್ಟುತ್ತದೆ. ರಾಜುವಿನ ಉಪವಾಸ ನೋಡಲು ಜನ ಮುಗಿಬಿದ್ದು, ವಿಶೇಷ ರೈಲುಗಳು ಓಡಿ, ಮಂಗಲದ ಹೊಳೆದಂಡೆಯಲ್ಲಿ ಚಹಾದಂಗಡಿಗಳು ಏಳುತ್ತವೆ. ಮಾಲ್ಗುಡಿ ಬೆಳೆದ ಬಗೆಯ ಅಣಕವೇ ಇದು. ಈ ಜಾತ್ರೆಯನ್ನು ಅಷ್ಟು ಹರಿತವಾಗಿ ಕಂಡ ಕಣ್ಣು ಮೊದಲಿನ ದಿಬ್ಬದ ಬಳಿ ಅರೆಗಳಿಗೆ ನಿಂತಿದ್ದರೆ ಎನಿಸದಿರದು.

ಕನ್ನಡಿಗರ ಮಟ್ಟಿಗೆ ಮೂರನೆಯ ಸ್ಥಾಪನೆಯೂ ಒಂದುಂಟು. 1980ರ ದಶಕದಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ರೈಲೇ ಇಲ್ಲದ ಆಗುಂಬೆಯಲ್ಲಿ ಚಿತ್ರಿಸಿ, ನಿಲ್ದಾಣಕ್ಕಾಗಿ ಶಿವಮೊಗ್ಗ–ತಾಳಗುಪ್ಪ ಹಾದಿಯ ಅರಸಾಳಿಗೆ ಹೋದರು. ಅರಸಾಳಿನ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯವಾಯಿತು. ಹೀಗೆ ಕಲ್ಪಿತ ಊರಿಗೆ ನಿಜವಾದ ಸ್ಮಾರಕ ದೊರೆತಿದೆ. ನಿಜವಾದ ಏರಿಯನ್ನು ಹಾಕಿದವರ ಸರದಿ ಇನ್ನೂ ಬರಬೇಕಾಗಿದೆ.

ಹೊರನಾಡಿನ ಸಂಶೋಧಕರಿಗೆ ಇಲ್ಲಿ ಕೆಲಸವಿದೆ. ಸೊಲ್ಲಾಪುರ, ಮೀರಜ್, ಗುಂತಕಲ್ಲುಗಳಂಥ ಜಂಕ್ಷನ್ನುಗಳ ಸುತ್ತ ಭೋವಿ, ವಡಾರ ಕುಟುಂಬಗಳಿವೆ. ಅವರ ಹಾಡು, ಕುಲಕಥೆ, ಬೈಗುಳಗಳಲ್ಲಿ ಹಳಿ, ಏರಿ, ಗುತ್ತಿಗೆದಾರರನ್ನು ಕುರಿತು ಏನು ಉಳಿದಿದೆಯೆಂದು ಕೇಳಿ ಬರೆದುಕೊಂಡರೆ, ‘ದ ಗೈಡ್’ನ ಆ ಅಧ್ಯಾಯವನ್ನು ದಿಬ್ಬದ ಕಡೆಯಿಂದಲೂ ಓದಲು ಸಾಧ್ಯವಾದೀತು.