'ಅಕ್ಕು' ಮತ್ತು 'ಹಕ್ಕು': ಮಾತು ಕಲಿಸುವ ಕಾಲೇಜುಗಳ ಬಗ್ಗೆ

ಕೆಲವು ವರ್ಷಗಳ ಹಿಂದೆ ಚಾಮರಾಜನಗರ ಸೀಮೆಯ ಒಂದು ಕಾಲೇಜಿನವರು ಪದವಿ ವಿದ್ಯಾರ್ಥಿಗಳ ಮಾತಿನ ಪರೀಕ್ಷೆಗೆ ನನ್ನನ್ನು ಕರೆದಿದ್ದರು. ಸಂವಹನ ಓದುವ ಮಕ್ಕಳು ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ಮೂರು ನಿಮಿಷ ಮಾತಾಡಬೇಕು, ನಾವು ಮೂವರು ಅಂಕ ಹಾಕಬೇಕು. ಗುಂಡ್ಲುಪೇಟೆ ಕಡೆಯ ಒಬ್ಬ ಹುಡುಗಿ ಬಂದಳು. ವಿಷಯ ಮಾನವ ಹಕ್ಕು. ಕೈಯಲ್ಲಿ ಚೀಟಿ ಇರಲಿಲ್ಲ, ಮಾತಿನಲ್ಲಿ ತಡವರಿಕೆ ಇರಲಿಲ್ಲ. ತನ್ನೂರಿನ ಕ್ಷೌರದಂಗಡಿಯಲ್ಲಿ ತಮ್ಮನಿಗೆ ಕಟಿಂಗ್ ಮಾಡದೆ ವಾಪಸು ಕಳಿಸಿದ್ದರಿಂದ ಶುರು ಮಾಡಿ ಸಂವಿಧಾನದ 17ನೇ ವಿಧಿಗೆ ಬಂದಳು. 'ಇದು ನಮ್ಮ ಅಕ್ಕು' ಅಂದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಎರಡನೇ ಸಲ 'ಅಕ್ಕು' ಬಂದಾಗ ಇಡೀ ಕೊಠಡಿಯೇ ನಕ್ಕಿತು. ಹುಡುಗಿ ಅಲ್ಲಿಗೇ ನಿಲ್ಲಿಸಿ 'ಅಷ್ಟೇ ಸಾ' ಅಂತ ಹೇಳಿ ಹೋಗಿ ಕೂತಳು. ಅಂಕಪಟ್ಟಿಯಲ್ಲಿ 'ಉಚ್ಚಾರಣೆ' ಅಂತ ಒಂದು ಕಾಲಂ ಇತ್ತು, ಹತ್ತು ಅಂಕದ್ದು. ನಾನು ನಾಲ್ಕು ಕೊಟ್ಟೆ.

ಈ ಲೇಖನ ಆ ನಾಲ್ಕು ಅಂಕವನ್ನು ಕುರಿತದ್ದು. ನಾನೂ ಅಂಥದೇ ಅಟ್ಟಿಯಿಂದ ಬಂದವನು. 'ಆಲು', 'ಅಣ', 'ಅಬ್ಬ' ಅಂತಲೇ ಬೆಳೆದು, ಹಾಸ್ಟೆಲಿನಲ್ಲಿ ನಗಿಸಿಕೊಂಡು, ಬೈಸಿಕೊಂಡು 'ಹ'ಕಾರ ಕಲಿತವನು. ಹಾಗೆ ಕಲಿತ 'ಹ'ಕಾರ ನನ್ನನ್ನು ತೀರ್ಪುಗಾರನ ಕುರ್ಚಿಯ ತನಕ ತಂದು ಕೂರಿಸಿತು. ಕೂರಿಸಿದ ಮೇಲೆ ನನ್ನ ಕೈಯಿಂದಲೇ ನಮ್ಮ ಹುಡುಗಿಯ ಅಂಕ ಕತ್ತರಿಸಿತು. ಯಜಮಾನಿಕೆ ಯಾವಾಗಲೂ ದೊಣ್ಣೆ ಹಿಡಿದೇ ಬರುವುದಿಲ್ಲ. ಎಷ್ಟೋ ಸಲ ಕೆಂಪು ಪೆನ್ನು ಹಿಡಿದು ನಮ್ಮೊಳಗೇ ಕೂತಿರುತ್ತದೆ.

'ಶುದ್ಧ' ಉಚ್ಚಾರಣೆ ಅನ್ನುವುದರ ಚರಿತ್ರೆಯನ್ನು ಒಂದಿಷ್ಟು ನೋಡೋಣ. ಹಳಗನ್ನಡದಲ್ಲಿ 'ಪಾಲ್' ಇತ್ತು. 'ಪ'ಕಾರ 'ಹ'ಕಾರವಾಗಿ ನಡುಗನ್ನಡದಲ್ಲಿ 'ಹಾಲು' ಆಯಿತು. ಆ 'ಹ'ವೂ ಕಳಚಿ ನಮ್ಮ ಸೀಮೆಯಲ್ಲಿ 'ಆಲು' ಆಗಿದೆ. ಅಂದರೆ ಇವತ್ತು ಶುದ್ಧ ಅನ್ನಿಸಿಕೊಂಡಿರುವುದು ಹಿಂದೊಮ್ಮೆ ಬಾಯಿಮಾತಿನ ಬದಲಾವಣೆಯೇ. ಬದಲಾವಣೆ ಎಲ್ಲಿಗೆ ನಿಲ್ಲಬೇಕು, ಯಾರ ಬಾಯಿಯ ಹತ್ತಿರ ನಿಲ್ಲಬೇಕು ಅಂತ ತೀರ್ಮಾನ ಮಾಡಿದ್ದು ವ್ಯಾಕರಣವಲ್ಲ, ಅಧಿಕಾರ. 'ಹಕ್ಕು' ಎಂಬ ಪದವಂತೂ ಅರಬ್ಬಿಯಿಂದ ಬಂದದ್ದು. ಊರು ದಾಟಿ, ಸಮುದ್ರ ದಾಟಿ ಬಂದ ಪದಕ್ಕೆ ಕನ್ನಡದ ಮನೆಯೊಳಗೆ ಜಾಗ ಸಿಕ್ಕಿತು. ಅದನ್ನು ತನ್ನ ನಾಲಿಗೆಗೆ ಒಗ್ಗಿಸಿಕೊಂಡ ಹುಡುಗಿಗೆ ಜಗಲಿಯಲ್ಲೂ ಜಾಗ ಇಲ್ಲ.

ಇಲ್ಲಿ ಒಂದು ಮಾತು. 'ಹ' ಬಿಡುವವರು ದಲಿತರು ಮಾತ್ರವಲ್ಲ, ಈ ಸೀಮೆಯ ಎಲ್ಲ ಜಾತಿಯ ಒಕ್ಕಲುಮಕ್ಕಳೂ ಬಿಡುತ್ತಾರೆ. ಆದರೆ ಊರಗೌಡರ ಮನೆಯ ಹುಡುಗ 'ಓಯ್ತಿನಿ' ಅಂದರೆ ಅದು ಮಣ್ಣಿನ ಸೊಗಡು; ಅಟ್ಟಿಯ ಹುಡುಗಿ ಅಂದರೆ ಅದು ಸಂಸ್ಕಾರದ ಕೊರತೆ. ಮಾತು ಒಂದೇ. ಕೇಳುವ ಕಿವಿಗೆ ಮಾತ್ರ ಜಾತಿ ಇದೆ.

ಈ ಕಿವಿ ಎಲ್ಲಿ ತಯಾರಾಯಿತು? ನಮಗೆ ಹತ್ತಿರದ ಮೈಸೂರಿನಲ್ಲೇ ನೋಡಬಹುದು. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದರು. 'ಆಕಾಶವಾಣಿ' ಎಂಬ ಹೆಸರು ಹೊರಟದ್ದು ಅಲ್ಲಿಂದ, ಆಮೇಲೆ ಇಡೀ ದೇಶದ ಬಾನುಲಿಯ ಹೆಸರೇ ಅದಾಯಿತು. 1951ರಲ್ಲಿ ಅದೇ ಕಾಲೇಜಿನಲ್ಲಿ ಪತ್ರಿಕೋದ್ಯಮದ ಪಾಠವೂ ಆರಂಭವಾಯಿತು. ಎರಡೂ ದೊಡ್ಡ ಕೆಲಸಗಳೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆಕಾಶದ ವಾಣಿ ಅಶರೀರವಾಣಿ. ಅದಕ್ಕೆ ಮೈ ಇಲ್ಲ, ಊರಿಲ್ಲ, ಕೇರಿಯಿಲ್ಲ ಅಂತ ನಾವು ನಂಬಿಬಿಟ್ಟೆವು. ಊರಿಲ್ಲದ ಮಾತು ಯಾವುದೂ ಇಲ್ಲ. ರೇಡಿಯೋದ ಗ್ರಾಮೀಣ ಕಾರ್ಯಕ್ರಮಗಳಲ್ಲಿ ಹಳ್ಳಿ ಮಾತಿಗೆ ಜಾಗ ಸಿಕ್ಕಿತು, ನಿಜ. ಗೊಬ್ಬರ, ಬಿತ್ತನೆ, ಹಾಸ್ಯ ಇವುಗಳಿಗೆ ನಮ್ಮ ಮಾತು. ವಾರ್ತೆ, ಕಾನೂನು, ಚಿಂತನೆ ಇವುಗಳಿಗೆ ಅವರ ಮಾತು. ಇವತ್ತು ಟಿ.ವಿ.ಯೂ ಮೊಬೈಲೂ ಈ ಹಂಚಿಕೆಯನ್ನು ಹೆಚ್ಚು ಕಡಿಮೆ ಹಾಗೇ ಉಳಿಸಿಕೊಂಡು ಬಂದಿವೆ.

ಸಂವಹನದ ನೋಟ್ಸುಗಳನ್ನು ನಾನು ಒಂದಷ್ಟು ತಿರುವಿ ನೋಡಿದ್ದೇನೆ. ಭಾಷಣಕ್ಕೆ ಉದಾಹರಣೆಯಾಗಿ ಷಿಕಾಗೋ ಇದೆ, ಲಿಂಕನ್ ಇದ್ದಾರೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಆಡಿದ ಮಾತು ನನ್ನ ಕಣ್ಣಿಗೆ ಬೀಳಲಿಲ್ಲ. ದೇವರಾಜ ಅರಸರ ಮಂತ್ರಿಮಂಡಲದ ದಲಿತ ಮಂತ್ರಿ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಒಂದೇ ಒಂದು ಪದ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿ ಸ್ಥಾನ ಹೋಯಿತು, ಆ ಗಾಯದಿಂದಲೇ ಈ ನಾಡಿನ ದಲಿತ ಚಳವಳಿಗೆ ಕಸುವು ಬಂತು. ಮಾತು ಅಂದರೆ ಏನು, ಯಾರು ಆಡಿದರೆ ಏನಾಗುತ್ತದೆ ಅಂತ ಕಲಿಸುವುದಕ್ಕೆ ಇದಕ್ಕಿಂತ ಹತ್ತಿರದ ಪಾಠ ಚಾಮರಾಜನಗರದ ಮಕ್ಕಳಿಗೆ ಬೇರೆ ಯಾವುದಿದೆ?

ಇನ್ನೊಂದು ವಿಚಿತ್ರ ನೋಡಿ. ನಂಜನಗೂಡು, ಚಾಮರಾಜನಗರದ ಆಡುಮಾತನ್ನೇ ಮೈಯಾಗಿಸಿಕೊಂಡ ದೇವನೂರ ಮಹಾದೇವರ 'ಕುಸುಮಬಾಲೆ' ಬಂದದ್ದು 1984ರಲ್ಲಿ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡ ವಿಭಾಗದ ತರಗತಿಯಲ್ಲಿ ಆ ಮಾತಿಗೆ ಭಾಷ್ಯ ಬರೆಸುತ್ತಾರೆ. ಅದೇ ಕಾರಿಡಾರಿನ ಕೊನೆಯ ಕೊಠಡಿಯಲ್ಲಿ, ಮೈಕಿನ ಮುಂದೆ, ಅದೇ ಮಾತಿಗೆ ಅಂಕ ಕಡಿಯುತ್ತಾರೆ. ಬರವಣಿಗೆಯಾಗಿ ಬಂದರೆ ಗೌರವ, ಬಾಯಿಂದ ಬಂದರೆ ನಗು. ನಮ್ಮ ಮಾತು ಪುಸ್ತಕದೊಳಗೆ ಇರಬಹುದು, ನಮ್ಮ ಮಕ್ಕಳ ಬಾಯಲ್ಲಿ ಇರಬಾರದು ಅಂತ ಇದರ ಅರ್ಥ.

ಈ ಸೀಮೆಗೆ ಮಾತು ಕಲಿಸಬೇಕಾಗಿದೆ ಎಂದು ನಂಬಿದವರು ಒಂದು ರಾತ್ರಿ ನೀಲಗಾರರ ಮುಂದೆ ಕೂರಬೇಕು. ಮಂಟೇಸ್ವಾಮಿಯ ಕತೆಯನ್ನು ತಂಬೂರಿ ಹಿಡಿದು ಬೆಳಗಿನ ತನಕ ಹಾಡುವ ಇವರಲ್ಲಿ ಹೆಚ್ಚಿನವರು ದಲಿತರು, ಹಿಂದುಳಿದವರು. ಎಲ್ಲಿ ಹಾಡು ನಿಲ್ಲಿಸಿ ಮಾತಿಗಿಳಿಯಬೇಕು, ಎಲ್ಲಿ ಧ್ವನಿ ತಗ್ಗಿಸಬೇಕು, ತೂಕಡಿಸುವವನನ್ನು ಹೇಗೆ ಎಬ್ಬಿಸಬೇಕು, ಹಿಮ್ಮೇಳದವನ 'ಹೂಂ' ಎಲ್ಲಿ ಬೀಳಬೇಕು ಎಲ್ಲಾ ಅವರಿಗೆ ಗೊತ್ತು. ಕಾಲೇಜಿನಲ್ಲಿ ಇದನ್ನೇ ಧ್ವನಿಯ ಏರಿಳಿತ, ಸಭಿಕರ ಸಂಪರ್ಕ ಅಂತ ಚಾಪ್ಟರ್ ಮಾಡಿ ಕಲಿಸುತ್ತಾರೆ. ಚಿಕ್ಕಲ್ಲೂರು ಜಾತ್ರೆಗೆ ಕ್ಯಾಮೆರಾ ತಂದು ಅವರನ್ನು ಚಿತ್ರಿಸುವವರು ಇದ್ದಾರೆ, ತರಗತಿಗೆ ಮೇಷ್ಟರಾಗಿ ಕರೆದವರು ಅಪರೂಪ. ಆ ಕತೆಯಲ್ಲಿ ಮಂಟೇದಯ್ಯ ಮೈತುಂಬ ಹುಣ್ಣು, ನಾತ ಹೊತ್ತುಕೊಂಡು ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಸಮಾನತೆಯ ಊರು ಎನಿಸಿಕೊಂಡ ಕಲ್ಯಾಣಕ್ಕೇ ಅವನ ಗುರುತು ಹತ್ತುವುದಿಲ್ಲ. ನಮ್ಮ ಸ್ಟುಡಿಯೋಗಳ ಬಾಗಿಲಲ್ಲಿ ಆ ಪ್ರಸಂಗ ಇನ್ನೂ ಮುಗಿದಿಲ್ಲ.

ಕ್ಯಾಮೆರಾದ ಮಾತಿಗೆ ಬರೋಣ, ಯಾಕಂದರೆ ಅದೀಗ ಎಲ್ಲರ ಜೇಬಿನಲ್ಲೂ ಇದೆ. 2019ರ ಜೂನ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಒಬ್ಬ ದಲಿತನನ್ನು ಹೊಡೆದು, ಕೈ ಕಟ್ಟಿ, ಬೆತ್ತಲೆ ನಡೆಸಿದರು. ಆ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದು ಊರೂರು ಸುತ್ತಿತು, ಆಮೇಲೆ ಟಿ.ವಿ.ಗೆ ಬಂತು. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ ದಲಿತ ಹೆಣ್ಣುಮಗಳೊಬ್ಬಳು ನೀರು ಕುಡಿದಳು ಅಂತ ತೊಂಬೆಯ ನೀರನ್ನೆಲ್ಲ ಚೆಲ್ಲಿ ಗಂಜಲದಿಂದ ತೊಳೆದರು. ಅದೂ ಸುದ್ದಿಯಾಯಿತು. ಇಂಥ ಸುದ್ದಿಗಳಲ್ಲಿ ನಮ್ಮವರಿಗೆ ಸಿಕ್ಕುವ ಜಾಗ ಎಷ್ಟು? ಅಳುವುದಕ್ಕೆ ಹತ್ತು ಸೆಕೆಂಡು. ಅದರ ಹೆಸರು 'ಬೈಟ್'. ಆ ಅಳುವಿಗೆ ಅರ್ಥ ಹೇಳುವ ಹಿನ್ನೆಲೆ ಧ್ವನಿ ಮಾತ್ರ ಶುದ್ಧ ಕನ್ನಡದ್ದು, ಬೇರೆಯವರದ್ದು. ನೋವು ನಮ್ಮದು, ವಿವರಣೆ ಅವರದು. 2006ರಲ್ಲಿ ದಿಲ್ಲಿಯ ರಾಷ್ಟ್ರೀಯ ಮಾಧ್ಯಮಗಳಲ್ಲಿ ತೀರ್ಮಾನ ತೆಗೆದುಕೊಳ್ಳುವ ಜಾಗದಲ್ಲಿದ್ದ 315 ಮಂದಿಯನ್ನು ಸಮೀಕ್ಷೆ ಮಾಡಿದಾಗ ಒಬ್ಬ ದಲಿತನೂ ಸಿಗಲಿಲ್ಲ, ಒಬ್ಬ ಆದಿವಾಸಿಯೂ ಸಿಗಲಿಲ್ಲ. ಆ ಖಾಲಿ ಕುರ್ಚಿಗಳ ಪಾಠ ಶುರುವಾಗುವುದು ಕಾಲೇಜಿನ 'ಉಚ್ಚಾರಣೆ' ಕಾಲಮ್ಮಿನಲ್ಲಿ.

ಹಾಗಾದರೆ ನಮ್ಮ ಮಕ್ಕಳು 'ಹ'ಕಾರ ಕಲಿಯಬಾರದೆ? ಕಲಿಯಲೇಬೇಕು. ನಮ್ಮಲ್ಲೇ ಕೆಲವರು ದೇಸಿಯ ಹೆಸರಿನಲ್ಲಿ ಅದು ಬೇಡ ಅನ್ನುತ್ತಾರೆ. ಹಾಗೆನ್ನುವವರು ಹೆಚ್ಚಾಗಿ ಅದನ್ನು ಕಲಿತು ಕೆಲಸ ಹಿಡಿದವರೇ. 1920ರ ಜನವರಿ 31ರಂದು ಮರಾಠಿಯಲ್ಲಿ 'ಮೂಕನಾಯಕ' ಹೊರಡಿಸಿದ ಬಾಬಾಸಾಹೇಬರೇ ಇಂಗ್ಲಿಷನ್ನು ಇಂಗ್ಲಿಷರ ಮುಂದೆಯೇ ಬಳಸಿ ಗೆದ್ದರು. ಚಾಮರಾಜನಗರಕ್ಕೆ ಅಂಟಿಕೊಂಡಿರುವ ಗಾಜನೂರಿನ ರಾಜ್‌ಕುಮಾರ್ ಓದು ಬಿಟ್ಟು ನಾಟಕ ಕಂಪನಿ ಸೇರಿದವರು. ಕನ್ನಡನಾಡು ಮಾದರಿ ಅಂತ ಒಪ್ಪಿದ ಉಚ್ಚಾರಣೆಯನ್ನು ಅವರು ದುಡಿದು ಕಲಿತರು. ನಾಲಿಗೆ ಯಾವುದನ್ನೂ ಕಲಿಯಬಲ್ಲದು. ಕಲಿಯುವುದಕ್ಕೆ ತನ್ನವ್ವನ ಮಾತನ್ನು ಅವಮಾನದ ತೆರಿಗೆಯಾಗಿ ಕಟ್ಟಬೇಕು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ ಬಂತು, 2024–25ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನಡುವೆ, 2023ರಲ್ಲಿ, ಚಾಮರಾಜನಗರಕ್ಕೆ ತನ್ನದೇ ವಿಶ್ವವಿದ್ಯಾಲಯವೂ ಆಯಿತು. ಪಠ್ಯಪಟ್ಟಿ ಬದಲಾಗುತ್ತಲೇ ಇದೆ, ಕಿವಿ ಬದಲಾಗಿಲ್ಲ. ಮಾಡಬೇಕಾದದ್ದು ಬಹಳ ದುಬಾರಿ ಏನಲ್ಲ. ಮಾತಿನ ಪರೀಕ್ಷೆಯಲ್ಲಿ ಕೇಳುವವರಿಗೂ ಅಂಕ ಇರಲಿ: ಗೆಳತಿ ಆಡಿದ್ದನ್ನು ಸರಿಯಾಗಿ ತಿರುಗಿ ಹೇಳಬಲ್ಲೆಯಾ ಅಂತ ಕೇಳಿ. ಸ್ಟುಡಿಯೋದ ಕನ್ನಡವನ್ನೂ ಅಟ್ಟಿಯ ಕನ್ನಡವನ್ನೂ ಎರಡು ಕೌಶಲಗಳಾಗಿ ಕಲಿಸಿ, ಎರಡರಲ್ಲೂ ವಾರ್ತೆ ಓದಿಸಿ. ನೀಲಗಾರರನ್ನು ಕರೆದರೆ ಸಂಭಾವನೆ ಕೊಟ್ಟು ಕರೆಯಿರಿ, ಚಿತ್ರಿಸಿದ್ದರ ಪ್ರತಿ ಅವರ ಮನೆಗೆ ಮುಟ್ಟಿಸಿ. ಕ್ಯಾಮೆರಾ ಹಿಡಿಸುವ ಮೊದಲ ದಿನವೇ 1989ರ ದೌರ್ಜನ್ಯ ತಡೆ ಕಾಯಿದೆಯನ್ನು ಓದಿಸಿ. ದಲಿತರ ಬಟ್ಟೆ ಬಿಚ್ಚಿಸಿ ಮೆರವಣಿಗೆ ಮಾಡುವುದು ಅಪರಾಧ ಅಂತ ಅದರಲ್ಲಿ ಬರೆದಿದೆ. ಅಂಥ ದೃಶ್ಯ ಕೈಗೆ ಬಂದಾಗ ಪೊಲೀಸರಿಗೆ ಕೊಡಬೇಕೋ, ನಾಲ್ಕು ಜನಕ್ಕೆ ಕಳಿಸಬೇಕೋ ಅನ್ನುವುದೂ ಸಂವಹನದ ಪಾಠವೇ.

ಆ ದಿನ ಪರೀಕ್ಷೆ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿ ಸಿಕ್ಕಿದಳು. ಮಾತು ಚೆನ್ನಾಗಿತ್ತು ಕಣವ್ವ, ಯಾಕೆ ನಿಲ್ಲಿಸಿಬಿಟ್ಟೆ ಅಂದೆ. 'ನಗಾಡುದ್ರಲ್ಲ ಸಾ, ನೀವೂ ಸುಮ್ನೆ ಕೂತಿದ್ರಿ' ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ಕೊಟ್ಟದ್ದು ಅವಳಿಗೆ ಗೊತ್ತಿರಲಿಲ್ಲ. ಈಗ ಬರೆದಿದ್ದೇನೆ. ಮೂರು ನಿಮಿಷದಲ್ಲಿ ಅವಳು ಒಂದೂವರೆ ನಿಮಿಷ ಮಾತ್ರ ಮಾತಾಡಿದ್ದಳು. ಉಳಿದ ಒಂದೂವರೆ ನಿಮಿಷ ಅವಳಿಗೆ ಬರಬೇಕಾದ ಬಾಕಿ. ಅದು ಅವಳ ಅಕ್ಕು.