ಕ್ರಿಯೆ ಮತ್ತು ಘಟಕ: ವೆಬ್ ಫ್ರೇಮ್‌ವರ್ಕ್‌ಗಳ ಎರಡು ಮಾರ್ಗಗಳು

ವೆಬ್ ತಂತ್ರಾಂಶದ ರಚನಾ ಸೊಗಸನ್ನು ಅರಿಯಬಯಸುವವರು ಮೊದಲು ಎಚ್‌ಟಿಟಿಪಿ ಎಂಬ ಸಂವಹನ ನಿಯಮಾವಳಿಯ ಸ್ವಭಾವವನ್ನು ತಿಳಿದಿರಬೇಕು. ಬ್ರೌಸರ್ ಕೋರಿಕೆ ಕಳುಹಿಸುತ್ತದೆ, ಸರ್ವರ್ ಉತ್ತರಿಸುತ್ತದೆ. ಒಂದು ಕೋರಿಕೆ ಮುಗಿದು ಇನ್ನೊಂದು ಬರುವಷ್ಟರಲ್ಲಿ ಹಿಂದಿನದರ ನೆನಪು ಈ ನಿಯಮಾವಳಿಗೆ ಇರುವುದಿಲ್ಲ. ಈ ಮರೆವನ್ನು ಒಪ್ಪಿಕೊಂಡು ಕಟ್ಟುವುದು ಒಂದು ಮಾರ್ಗ, ಅದನ್ನು ಮರೆಮಾಡಿ ಕಟ್ಟುವುದು ಇನ್ನೊಂದು.

ಮೊದಲನೆಯದು ಕ್ರಿಯಾಪ್ರಧಾನ ಮಾರ್ಗ. ಜಾವಾದ ಸ್ಟ್ರಟ್ಸ್ ಹಾಗೂ 2004ರಲ್ಲಿ ಬಂದ ರೂಬಿ ಆನ್ ರೈಲ್ಸ್ ಇದರ ಪ್ರಸಿದ್ಧ ಮಾದರಿಗಳು. ಇಲ್ಲಿ ಪ್ರತಿ ವಿಳಾಸವೂ ‘ಆಕ್ಷನ್’ ಎನ್ನಲಾಗುವ ಒಂದು ಕಾರ್ಯವನ್ನು ಕರೆಯುತ್ತದೆ. ಅದು ಮಾಹಿತಿಯನ್ನು ಪಡೆದು, ಕೆಲಸ ಮುಗಿಸಿ, ತೋರಿಸಬೇಕಾದ ಪುಟವನ್ನು ಆರಿಸುತ್ತದೆ. ರೈಲ್ಸ್ ಯೋಜನೆಯನ್ನು ಓದುವವರು ವಿಳಾಸಗಳ ಪಟ್ಟಿಯಾದ ‘ರೂಟ್ಸ್’ ಕಡತದಿಂದ ಆರಂಭಿಸಿದರೆ, ಕೋರಿಕೆಯ ಹಾದಿ ಮೊದಲಿನಿಂದ ಕೊನೆಯವರೆಗೆ ಸ್ಪಷ್ಟವಾಗಿ ಕಾಣುತ್ತದೆ. ಈ ಪಾರದರ್ಶಕತೆಯೇ ಈ ಮಾರ್ಗದ ಸೊಬಗು.

ಎರಡನೆಯದು ಘಟಕಪ್ರಧಾನ ಮಾರ್ಗ. 2002ರ ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್ ಮತ್ತು 2004ರ ಜಾವಾಸರ್ವರ್ ಫೇಸಸ್ ಪುಟವನ್ನು ಬಟನ್, ಪಠ್ಯಪೆಟ್ಟಿಗೆ, ಕೋಷ್ಟಕಗಳೆಂಬ ಘಟಕಗಳ ವೃಕ್ಷವೆಂದು ಭಾವಿಸುತ್ತವೆ. ಪ್ರೋಗ್ರಾಮರ್ ಬಟನ್ ಒತ್ತಿದಾಗ ಏನಾಗಬೇಕೆಂಬುದನ್ನಷ್ಟೇ ಬರೆಯುತ್ತಾನೆ. ಉಳಿದದ್ದನ್ನು ಫ್ರೇಮ್‌ವರ್ಕ್, ಅಂದರೆ ತಂತ್ರಾಂಶದ ಸಿದ್ಧ ಚೌಕಟ್ಟು, ನಿಭಾಯಿಸುತ್ತದೆ. ಜಾವಾಸರ್ವರ್ ಫೇಸಸ್ ಇದನ್ನು 6 ಹಂತಗಳಲ್ಲಿ ನಡೆಸುತ್ತದೆ: ವೃಕ್ಷದ ಮರುಸ್ಥಾಪನೆ, ಮೌಲ್ಯಗಳ ಸ್ವೀಕಾರ, ಪರಿಶೀಲನೆ, ಮಾದರಿಯ ನವೀಕರಣ, ಕಾರ್ಯದ ಕರೆ, ಪುಟದ ರಚನೆ.

ಎರಡರ ಅಂತರವನ್ನು ಸವಿಯಲು ತಪ್ಪಾಗಿ ತುಂಬಿದ ಒಂದು ಫಾರ್ಮನ್ನು ಗಮನಿಸಬೇಕು. ರೈಲ್ಸ್‌ನಲ್ಲಿ ಫಾರ್ಮನ್ನು ದೋಷಸೂಚನೆಯೊಂದಿಗೆ ಮತ್ತೆ ತೋರಿಸಬೇಕೆಂದು ಆಕ್ಷನ್‌ನಲ್ಲೇ ಬರೆಯಬೇಕಾಗುತ್ತದೆ; ಫೇಸಸ್‌ನಲ್ಲಿ ಪರಿಶೀಲನೆ ವಿಫಲವಾದರೆ ನಡುವಿನ ಹಂತಗಳು ತಾವಾಗಿಯೇ ತಪ್ಪಿ, ಬಳಕೆದಾರ ತುಂಬಿದ್ದು ಸಾಮಾನ್ಯವಾಗಿ ಉಳಿದುಕೊಂಡೇ ಪುಟ ಮರಳುತ್ತದೆ. ಆದರೆ ಈ ನೆರವಿಗೆ ಬೆಲೆಯುಂಟು. ಕೋರಿಕೆಗಳ ನಡುವೆ ವೃಕ್ಷದ ಸ್ಥಿತಿಯನ್ನು ಎಲ್ಲಾದರೂ ಕಾಪಾಡಲೇಬೇಕಾದುದರಿಂದ, ವೆಬ್ ಫಾರ್ಮ್ಸ್ ಅದನ್ನು ‘ವ್ಯೂಸ್ಟೇಟ್’ ಎಂಬ ಅಡಗಿದ ಕ್ಷೇತ್ರವಾಗಿ ಪುಟದೊಳಗೇ ಇಡುತ್ತದೆ; ಘಟಕಗಳು ಹೆಚ್ಚಿದಂತೆ ಪುಟದ ಭಾರವೂ ಹೆಚ್ಚುತ್ತದೆ.

ವೆಬ್ ಫಾರ್ಮ್ಸ್ ರೂಪಿಸಿದ್ದ ಮೈಕ್ರೋಸಾಫ್ಟ್ 2009ರಲ್ಲಿ ಕ್ರಿಯಾಪ್ರಧಾನವಾದ ಎಎಸ್‌ಪಿ ಡಾಟ್ ನೆಟ್ ಎಂವಿಸಿಯನ್ನೂ ನೀಡಿತು. 2013ರಲ್ಲಿ ಮುಕ್ತ ಆಕರವಾಗಿ ಬಿಡುಗಡೆಯಾದ ರಿಯಾಕ್ಟ್, ಘಟಕಗಳ ಚಿಂತನೆಯನ್ನು ಬ್ರೌಸರಿನಲ್ಲಿ ನೆಲೆಗೊಳಿಸಿತು. ತೆರೆದ ಪುಟದ ಸ್ಥಿತಿ ಬ್ರೌಸರಿನ ಸ್ಮೃತಿಯಲ್ಲೇ ಇರಬಲ್ಲದಾದ್ದರಿಂದ ಘಟಕಕ್ಕೆ ಅದು ಹೆಚ್ಚು ಸಹಜವಾದ ತಾಣ. ಆದ್ದರಿಂದ ಯಾವುದೇ ಫ್ರೇಮ್‌ವರ್ಕನ್ನು ಮೆಚ್ಚುವ ಅಥವಾ ತೆಗಳುವ ಮುನ್ನ, ಅದು ಸ್ಥಿತಿಯನ್ನು ಎಲ್ಲಿ ಇಡುತ್ತದೆ ಎಂಬ ಪ್ರಶ್ನೆಯನ್ನು ಓದುಗರು ಕೇಳಿಕೊಳ್ಳಬೇಕು.